ಮಣ್ಣು ಹೊತ್ತವನ ಮೊಮ್ಮಗಳು

ಒಂದು ಬೆಳಿಗ್ಗೆ ನನ್ನ ತಾತನ ಹಿಂದೆ ಎರಡು ಊರಿನ ಗೌಡರು, ಒಬ್ಬ ಅಮಲ್ದಾರರು, ಒಬ್ಬ ಶಾನುಭೋಗರು, ಅವರ ಬೆನ್ನಿಗೆ ಇನ್ನೂ ಅರವತ್ತು ಎಪ್ಪತ್ತು ಜನ ಬರಿಗಾಲಲ್ಲಿ ನಡೆದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜನರ ಕಥೆ ಎಂದ ಕೂಡಲೇ ಕೇಳುವವರು ಕಣ್ಣೊರೆಸಿಕೊಳ್ಳಲು ಸೆರಗು ಹುಡುಕುತ್ತಾರೆ. ಅಳುವಂಥ ಕಥೆಗಳು ನನ್ನ ಹತ್ತಿರವೂ ಬೇಕಾದಷ್ಟಿವೆ. ಇದು ಅಂಥದ್ದಲ್ಲ.

ಹೊಸಕೋಟೆ ತಾಲ್ಲೂಕು, ನಂದಗುಡಿ ಕಡೆಯ ಒಂದು ಸಣ್ಣ ಊರು ನಮ್ಮದು. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮೂರಿಗೆ ಆ ಯುದ್ಧ ಗೊತ್ತಾದದ್ದು ಸೀಮೆಎಣ್ಣೆ ಸಿಗದೆ ಹೋದಾಗ, ಸರಕಾರಕ್ಕೆ ಕೊಡಲೇಬೇಕಾದ ಲೆವಿ ರಾಗಿ ಅಳೆಸಿಕೊಳ್ಳಲು ಕಚೇರಿಯವರು ಬಂದಾಗ. ನನಗೆ ಆಗ ಹನ್ನೊಂದೋ ಹನ್ನೆರಡೋ. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ, ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ. ಅವ್ವ ನಮ್ಮೂರ ಗೌಡರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ತಾತ.

ತಾತ ಊರಿನ ಕುಳವಾಡಿ. ಊರಿನ ಎಲ್ಲೆ ಎಲ್ಲಿ ಹಾಯುತ್ತದೆ, ಯಾರ ಹೊಲ ಯಾವ ಬದುವಿಗೆ ಮುಗಿಯುತ್ತದೆ, ಯಾವ ಕಲ್ಲನ್ನು ಯಾಕೆ ನೆಟ್ಟರು, ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಬೇಕಾದವನು ಕುಳವಾಡಿ. ಅವನು ಹೊಲಗೇರಿಯವನೇ ಆಗಿರಬೇಕು. ಊರವರು ಅವನನ್ನು ಹಳೇಮಗ ಎಂದೂ ಕರೆಯುತ್ತಿದ್ದರು. ತಾವು ಏನು ಹೇಳುತ್ತಿದ್ದೇವೆ ಎಂಬುದರ ಕಡೆ ಅವರಿಗೆ ಗಮನವಿರಲಿಲ್ಲ. ತಾತನಿಗೆ ಇತ್ತು. "ಈ ನೆಲಕ್ಕೆ ಮೊದ್ಲು ಹುಟ್ಟಿದೋನು ನಾನು ಕಣವ್ವ. ಅವ್ರೆಲ್ಲ ಆಮ್ಯಾಕೆ ಬಂದೋರು," ಎಂದು ನನಗೆ ಹೇಳಿ ನಗುತ್ತಿದ್ದ. ಅದನ್ನು ಜಂಬದಿಂದ ಹೇಳುತ್ತಿರಲಿಲ್ಲ. ಮನೆಗೆ ಹಿರಿಯ ಮಗ ಎನ್ನುವವನು ಸುಮ್ಮನೆ ಹೇಳಿದ ಹಾಗೆ ಹೇಳುತ್ತಿದ್ದ.

ಎರಡು ಊರಿನ ನಡುವೆ ಎಲ್ಲೆಯ ಜಗಳ ಬಂದರೆ ಅದನ್ನು ತೀರಿಸುವ ಒಂದು ಹಳೆಯ ಪದ್ಧತಿ ನಮ್ಮ ಕಡೆ ಇತ್ತು. ಊರ ಬಾಗಿಲಲ್ಲಿ ನೆಟ್ಟ ಕಲ್ಲಿನ ಬುಡದಿಂದ ಒಂದು ಹಿಡಿ ಹಸಿ ಮಣ್ಣು ತೆಗೆದು, ಬೇವಿನ ಸೊಪ್ಪು ಇಟ್ಟು, ಸಿಂಬಿಯ ಮೇಲೆ ಕುಳವಾಡಿಯ ತಲೆಗೆ ಹೊರಿಸುತ್ತಿದ್ದರು. ಅವನು ಆ ಮಣ್ಣು ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಒಂದೊಂದು ಗುರುತಿನ ಹತ್ತಿರ ನಿಂತು ಇದು ಇಂಥದ್ದು ಎಂದು ಕೂಗಿ ಹೇಳಬೇಕು. ಅವನು ಹೇಳಿದ್ದೇ ಎಲ್ಲೆ. ಸುಳ್ಳು ಹೆಜ್ಜೆ ಇಟ್ಟರೆ ತಲೆಯ ಮೇಲಿನ ಮಣ್ಣು ಪುಡಿಯಾಗುತ್ತದೆ, ಅವನ ವಂಶ ನಿಲ್ಲುವುದಿಲ್ಲ ಎಂದು ನಂಬಿಕೆ. ಮಣ್ಣು ತಲೆಯ ಮೇಲಿರುವಷ್ಟು ಹೊತ್ತು ಅವನಿಗೆ ಲೋ ಎನ್ನುವಂತಿಲ್ಲ, ಅವನ ಮುಂದೆ ನಡೆಯುವಂತಿಲ್ಲ, ಹಿಂದೆ ಬರುವವರು ಯಾರೇ ಆದರೂ ಕೆರ ಮೆಟ್ಟುವಂತಿಲ್ಲ, ಅವನನ್ನು ಮುಟ್ಟುವಂತಿಲ್ಲ. ಈ ಕೊನೆಯದೊಂದು ಮಾತ್ರ ಊರವರಿಗೆ ಹೊಸದೇನೂ ಆಗಿರಲಿಲ್ಲ.

ತಾತ ತನ್ನ ಪ್ರಾಯದಲ್ಲಿ ಒಂದು ಸಲ ಮಣ್ಣು ಹೊತ್ತಿದ್ದನಂತೆ. ನಾನು ಕಾಣುವ ಹೊತ್ತಿಗೆ ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ನನ್ನ ಹೆಗಲ ಮೇಲೆ ಎಡಗೈ ಇಟ್ಟು ನಡೆಯುತ್ತಿದ್ದ. ಆದರೆ ಅವನ ಅಂಗಾಲಿಗೆ ಪೊರೆ ಬಂದಿರಲಿಲ್ಲ. ನಮ್ಮವರು ಊರೊಳಗೆ ಕೆರ ಮೆಟ್ಟುವಂತಿರಲಿಲ್ಲವಾದ್ದರಿಂದ ಹುಟ್ಟಿದಂದಿನಿಂದ ಬರಿಗಾಲು. ಗರಸು, ಎರೆ, ಕೆಂಪು, ಜೌಗು ಎಂದು ಕಾಲಿಟ್ಟ ಕೂಡಲೇ ಹೇಳುತ್ತಿದ್ದ. ಯಾರ ಹೊಲದಲ್ಲಿದ್ದೇವೆ ಎಂದೂ ಹೇಳುತ್ತಿದ್ದ. ಊರವರು ನಮ್ಮ ಕಾಲಿಗೆ ಕೆರ ಬೇಡವೆಂದರು; ಹಾಗೆ ಅನ್ನುತ್ತಲೇ ತಮ್ಮ ನೆಲದ ಲೆಕ್ಕವನ್ನೆಲ್ಲ ನಮ್ಮ ಅಂಗಾಲಿಗೆ ಬರೆದುಕೊಟ್ಟರು.

ನನಗೂ ಒಂದು ಬರವಣಿಗೆ ಇತ್ತು. ಅಪ್ಪ ಗಣಿಯಲ್ಲಿ ಓದು ಬಲ್ಲವರನ್ನು ಕಂಡು ಬಂದು, ನನ್ನನ್ನು ಊರ ಶಾಲೆಗೆ ಹಾಕಲೇಬೇಕೆಂದು ಹಟ ಹಿಡಿದಿದ್ದ. ಸೇರಿಸಿಕೊಂಡರು, ಆದರೆ ಒಳಗೆ ಅಲ್ಲ, ಜಗಲಿಯ ಮೇಲೆ. ಮೇಷ್ಟ್ರು ಒಳಗೆ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದರು. ನಾನು ಕಿಟಕಿಯ ಸರಳಿಗೆ ಮುಖವಿಟ್ಟು ಅರ್ಧ ಹಲಗೆ ಕಾಣುತ್ತಿದ್ದೆ. ಉಳಿದರ್ಧವನ್ನು ಮಕ್ಕಳು ಕೂಗುವಾಗ ಕೇಳಿ ತುಂಬಿಕೊಳ್ಳುತ್ತಿದ್ದೆ. ಒಳಗೆ ಕೂರಬೇಕು, ಪೂರ್ತಿ ಹಲಗೆ ನೋಡಬೇಕು ಎಂಬ ಆಸೆ ನನಗೆ ಎಷ್ಟಿತ್ತೆಂದರೆ, ಹಬ್ಬದ ಒಬ್ಬಟ್ಟಿಗೂ ಅಷ್ಟು ಆಸೆ ಪಟ್ಟವಳಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಪಕ್ಕದೂರಿಗೂ ನಮಗೂ ಎಲ್ಲೆಯ ಜಗಳ ಎದ್ದಿತು. ಊರಾಚೆ ಒಂದು ದೊಡ್ಡ ಹುಣಸೆಮರ, ಅದರಾಚೆ ಒಂದು ಹಳ್ಳ. ಎರಡರ ನಡುವೆ ಒಂದು ಪಟ್ಟಿ ನೆಲ. ಹಳ್ಳದವರೆಗೂ ನಮ್ಮದು ಎಂದು ನಮ್ಮೂರ ಗೌಡ, ಹುಣಸೆಮರದವರೆಗೂ ನಮ್ಮದು ಎಂದು ಅವರೂರ ಗೌಡ. ಅಳತೆಯ ಕಲ್ಲುಗಳನ್ನು ಯಾರೋ ಯಾವಾಗಲೋ ಕಿತ್ತುಹಾಕಿದ್ದರು. ಆಗ ಗೌಡರನ್ನು ಬುದ್ಧಿ ಎನ್ನಬೇಕಿತ್ತು. ಈಗ ಬರೆಯುತ್ತಿರುವವಳು ನಾನು. ಗೌಡ ಎಂದರೆ ಸಾಕು.

ಇಬ್ಬರೂ ಬಾಯಿಬಿಟ್ಟು ಹೇಳದ ಸಂಗತಿ ಒಂದಿತ್ತು. ಆ ಪಟ್ಟಿ ನೆಲ ನಮ್ಮ ಕೇರಿಯ ಹೆಣ ಹೂಳುವ ಜಾಗ. ಅದರ ನಡುವೆ ಒಂದು ಹಾಸುಗಲ್ಲು ಇತ್ತು. ಅದರ ಕೆಳಗೆ ಊರಿನ ಮೊದಲನೆಯ ಕುಳವಾಡಿಯನ್ನು ಮಣ್ಣು ಮಾಡಿದ್ದಾರೆ ಎಂದು ತಾತ ಹೇಳುತ್ತಿದ್ದ. ನನ್ನ ಅಜ್ಜಿಯನ್ನೂ ಅಲ್ಲೇ ಮಣ್ಣು ಮಾಡಿದ್ದೆವು. ನಾನೂ ಮೂರು ಹಿಡಿ ಮಣ್ಣು ಹಾಕಿದ್ದೆ. ಹಿಂದಿನ ಮುಂಗಾರಿನಲ್ಲಿ ನಮ್ಮೂರ ಗೌಡ ಅದಕ್ಕೆ ನೇಗಿಲು ಕಟ್ಟಿಸಿ ರಾಗಿ ಬಿತ್ತಿಸಿದ್ದ. ಕೇರಿಗೆಲ್ಲ ಗೊತ್ತಿತ್ತು. ಕಣ್ಣು ಕಾಣದ ತಾತನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಕುಯ್ಲಿಗೆ ಕರೆ ಬಂದಾಗ ಅವ್ವ ಮೈ ಸರಿಯಿಲ್ಲ ಎಂದು ಮೂರು ದಿನ ಮನೆಯಲ್ಲೇ ಮಲಗಿದಳು. ಅವಳ ಮೈ ಸರಿಯಾಗಿಯೇ ಇತ್ತು.

ಅಮಲ್ದಾರರು ಹೊಸಕೋಟೆಯಿಂದ ಬಂದು ಎರಡೂ ಊರಿನವರನ್ನು ಕೂರಿಸಿ, ಯಾರ ಮಾತಿಗೆ ಇಬ್ಬರೂ ಒಪ್ಪುತ್ತೀರಿ ಎಂದು ಕೇಳಿದರಂತೆ. ಎರಡೂ ಕಡೆಯ ಹಿರಿಯರು ಒಂದೇ ಉತ್ತರ ಕೊಟ್ಟರು: ಕುಳವಾಡಿ ಮಣ್ಣು ಹೊರಲಿ. ಚಾವಡಿಯ ಕಟ್ಟೆ ಹತ್ತಲು ಬಿಡದವನ ಮಾತಿಗೆ ಎರಡೂ ಊರು ತಲೆ ಬಾಗಿಸಿದವು. ಆ ಸುದ್ದಿ ಕೇರಿಗೆ ಬಂತು. ತಾತ ಮೀಸೆಗೆ ಹರಳೆಣ್ಣೆ ಹಚ್ಚಿಕೊಡು ಎಂದು ನನ್ನನ್ನು ಕರೆದ.

ಮಾರನೆಯ ದಿನ ಮಧ್ಯಾಹ್ನ ಅವ್ವನಿಗೆ ಅಂಬಲಿ ಕೊಡಲು ಗೌಡರ ಕಣಕ್ಕೆ ಹೋಗಿದ್ದೆ. ಗೌಡ ಹುಲ್ಲಿನ ಮೆದೆಯ ನೆರಳಲ್ಲಿ ನಿಂತಿದ್ದವನು ನನ್ನನ್ನು ಕರೆದ.

"ಲೇ ಅಮ್ಮಿ, ಬಾ ಇಲ್ಲಿ. ನಾಳೆ ನಿಮ್ ತಾತನ್ನ ನಡೆಸ್ಕೊಂಡು ಬರೋಳು ನೀನೇ ತಾನೆ?"

"ಊಂ ಬುದ್ಧಿ."

"ಹುಣಸೆಮರದ ತಾವ ಮುದುಕ ಎಡಕ್ಕೆ ತಿರುಗ್ತಾನೆ, ಹಾಸುಗಲ್ಲಿನ ಕಡೆ. ನೀನು ತಿರುಗಬ್ಯಾಡ. ನೆಟ್ಟಗೆ ಹಳ್ಳಕ್ಕೆ ನಡೆಸ್ಕೊಂಡು ಹೋಗ್ಬಿಡು. ಎಲ್ಲೆ ಹೆಂಗೂ ಹಳ್ಳವೇ. ಇದ್ರಾಗೆ ಸುಳ್ಳೇನೂ ಇಲ್ಲ. ಆ ಕಲ್ಲಿನ ಸಮಾಚಾರ ಅಮಲ್ದಾರ್ರ ಮುಂದೆ ಯಾಕೆ ಬೇಕು?"

ನಾನು ಅಂಬಲಿಯ ಮಡಕೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದೆ.

"ಮೇಷ್ಟ್ರಿಗೆ ಹೇಳ್ತೀನಿ. ಸೋಮವಾರದಿಂದ ಒಳಗೆ ಕೂತ್ಕೋ. ಹಲಗೆ ಎದುರಿಗೇ."

ಅವನಿಗೆ ನನ್ನ ಆಸೆ ಹೇಗೆ ಗೊತ್ತಾಯಿತೋ ಇವತ್ತಿಗೂ ತಿಳಿಯದು. ಕಿಟಕಿಯ ಸರಳಿಗೆ ಮುಖವಿಟ್ಟವಳನ್ನು ದಾರಿಯಲ್ಲಿ ಹೋಗುವಾಗ ನೋಡಿದ್ದನೋ ಏನೋ. ಊಂ ಎಂದೆನೋ ಇಲ್ಲವೋ ನೆನಪಿಲ್ಲ. ಇಲ್ಲ ಎನ್ನಲಿಲ್ಲ ಎಂಬುದು ಮಾತ್ರ ನೆನಪಿದೆ. ಮನೆಗೆ ಬರುವ ದಾರಿಯುದ್ದಕ್ಕೂ, ಎಲ್ಲೆ ಹೇಗಿದ್ದರೂ ಹಳ್ಳವೇ, ಸುಳ್ಳೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಾತನಿಗೆ ಹೇಳಲಿಲ್ಲ.

ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಊರ ಬಾಗಿಲಲ್ಲಿ ಜನ ಸೇರಿತ್ತು. ತಾತ ಒಗೆದ ಪಂಚೆ ಉಟ್ಟು, ತಲೆಗೆ ಅಪ್ಪ ತಂದುಕೊಟ್ಟಿದ್ದ ಬಿಳಿ ವಸ್ತ್ರ ಸುತ್ತಿದ್ದ. ಮಣ್ಣು ತಲೆಗೇರಿದ ಕೂಡಲೇ ಬೆನ್ನು ನೆಟ್ಟಗಾಯಿತು. ಗೂನು ಬೆನ್ನಿನ ನಮ್ಮ ತಾತ ಅಷ್ಟು ಎತ್ತರದವನು ಎಂದು ನನಗೆ ಅವತ್ತೇ ಗೊತ್ತಾದದ್ದು. ಎಲ್ಲರ ಕಡೆ ಮುಖ ತಿರುಗಿಸಿ ಒಂದೇ ಮಾತು ಹೇಳಿದ.

"ಕೆರ ಬಿಡ್ರಪ್ಪ."

ಬಿಟ್ಟರು. ಗೌಡರ ಕಿರುಗುಟ್ಟುವ ಜೀರ್ಕಿ ಚಪ್ಪಲಿಗಳು, ಶಾನುಭೋಗರ ಪಾಪೋಸುಗಳು, ಕೊನೆಗೆ ಅಮಲ್ದಾರರ ಕರಿ ಬೂಟು, ಸಾಲಾಗಿ ಊರ ಬಾಗಿಲಲ್ಲಿ ಉಳಿದವು. ಅಮಲ್ದಾರರು ಕಾಲುಚೀಲ ಬಿಚ್ಚುವಾಗ ಒಂದು ಹೆಬ್ಬೆರಳ ಹತ್ತಿರ ತೂತು ಕಂಡಿತು. ನಮ್ಮ ಕೇರಿಯ ಹೆಂಗಸರು ದೂರದಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅವರು ಅಳುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ತಾತ ನಡೆದ. ನಾನು ಪಕ್ಕದಲ್ಲಿ, ಅವನ ಎಡಗೈ ನನ್ನ ಹೆಗಲ ಮೇಲೆ. ಗುರುತು ಬಂದಲ್ಲೆಲ್ಲ ನಿಂತು ಹೇಳುತ್ತಿದ್ದ: ಇದು ಬಸರಿಮರದ ಬುಡ, ಮರ ಹೋಯ್ತು ಬುಡ ಉಳೀತು, ಇದು ಎರಡು ಊರು ಸೇರಿ ತೋಡಿದ ಕಾಲುವೆ. ಕೂಗುವಾಗ ಅವನ ಧ್ವನಿ ಬೇರೆಯೇ ಆಗುತ್ತಿತ್ತು. ಇಪ್ಪತ್ತು ಮಾರು ದೂರದಲ್ಲಿ ಶಾನುಭೋಗರು ನಿಂತು ಬರೆದುಕೊಳ್ಳುತ್ತಿದ್ದರು. ಹತ್ತಿರ ಬಂದರೆ ಮೈಲಿಗೆ. ತಾತ ಎಷ್ಟೇ ಗಟ್ಟಿಯಾಗಿ ಕೂಗಿದರೂ ಗಾಳಿ ಆ ಕಡೆ ಬೀಸಿದಾಗ ಮಾತ್ರ ಅವರ ಕೈ ಓಡುತ್ತಿತ್ತು.

ನೆಗ್ಗಿನಮುಳ್ಳಿನ ಜಾಗ ಬಂತು. ನನಗೂ ತಾತನಿಗೂ ಅದು ಲೆಕ್ಕಕ್ಕಿಲ್ಲ. ಹಿಂದಿನಿಂದ ಅಯ್ಯೋ, ಅಪ್ಪಾ ಎಂಬ ಸದ್ದುಗಳು ಶುರುವಾದವು. ನಮ್ಮೂರ ಗೌಡ ಒಂದೇ ಕಾಲಲ್ಲಿ ನಿಂತುಬಿಟ್ಟ. ಮುಳ್ಳು ಮುರಿದು ಒಳಗೇ ಉಳಿದಿತ್ತು. ತಾತನ ಉಡಿದಾರದಲ್ಲಿ ಮುಳ್ಳು ತೆಗೆಯುವ ಚಿಮ್ಮಟ ಯಾವಾಗಲೂ ನೇತಾಡುತ್ತಿತ್ತು. ಗೌಡ ಅದನ್ನೇ ನೋಡುತ್ತಿದ್ದ, ಕೇಳಲಾರ, ಬಿಡಲಾರ. ತಾತನಿಗೆ ಸದ್ದಿನಲ್ಲೇ ಅರ್ಥವಾಯಿತು. "ಬಿಚ್ಚಿ ಕೊಡವ್ವ, ಮುಳ್ಳಿಗೇನು ಮಡಿಯಾ?" ಎಂದ. ನಾನು ಚಿಮ್ಮಟ ಬಿಚ್ಚಿ ನೆಲದ ಮೇಲಿಟ್ಟೆ. ಗೌಡ ಅದನ್ನು ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಮುಳ್ಳು ತೆಗೆದುಕೊಂಡ. ಪಕ್ಕದೂರಿನ ಗೌಡ ಬೇರೆ ಕಡೆ ತಿರುಗಿ ಕೆಮ್ಮಿದ. ಆ ಚಿಮ್ಮಟ ನನ್ನ ಹತ್ತಿರ ಈಗಲೂ ಇದೆ.

ಹುಣಸೆಮರ ಬಂತು. ತಾತ ಮರಕ್ಕೆ ಅಂಗೈ ಒತ್ತಿ, "ಇದು ಹುಣಸೆ. ಇಲ್ಲಿಂದ ಹಾಸುಗಲ್ಲಿಗೆ," ಎಂದು ಮೆಲ್ಲಗೆ ನನಗಷ್ಟೇ ಹೇಳಿದ. ನಾನು ಹಿಂದೆ ತಿರುಗಿ ನೋಡಿದೆ. ಗೌಡ ನನ್ನನ್ನೇ ನೋಡುತ್ತಿದ್ದ, ಗದ್ದವನ್ನು ಹಳ್ಳದ ಕಡೆಗೆ ಒಂದಿಷ್ಟು ಎತ್ತಿದ.

ನಾನು ಎಡಕ್ಕೆ ತಿರುಗಲಿಲ್ಲ.

ಇದನ್ನು ಬರೆಯುವುದು ಬೇಡವೆಂದು ಎಷ್ಟೋ ವರ್ಷ ಸುಮ್ಮನಿದ್ದೆ. ನಮ್ಮವರ ಹೆಮ್ಮೆಯ ಕಥೆಯಲ್ಲಿ ನಮ್ಮವರೇ ಜಾರಿದ್ದನ್ನು ಯಾಕೆ ಹೇಳಬೇಕು ಎಂದು ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಮಗುವಿನ ಆಸೆ ಏನೆಂದು ತಿಳಿದುಕೊಂಡು, ಅದಕ್ಕೆ ಅವಳ ತಾತನ ಮಾತನ್ನೇ ಬೆಲೆ ಕಟ್ಟಿದವನಿಗೆ ನಾಚಿಕೆಯಾಗಬೇಕು. ನನಗೆ ಆಗಬೇಕಾದ ನಾಚಿಕೆ ಅವತ್ತೇ ಆಗಿ ಮುಗಿಯಿತು.

ನೆಟ್ಟಗೆ ನಡೆದೆ. ಒಂದು, ಎರಡು, ಮೂರು. ತಾತನ ಕೈ ಹೆಗಲ ಮೇಲೆ ಹಾಗೇ ಇತ್ತು, ಭಾರವೂ ಆಗಲಿಲ್ಲ ಹಗುರವೂ ಆಗಲಿಲ್ಲ. ಏಳೋ ಎಂಟೋ ಹೆಜ್ಜೆ ಆಗಿರಬೇಕು. ಎದುರಿಗೆ ಕೊಯ್ದ ರಾಗಿಯ ಕೂಳೆ ಶುರುವಾಯಿತು, ಸಾಲು ಸಾಲು. ಎಡಗಡೆ, ಅಜ್ಜಿಯನ್ನು ಮಣ್ಣು ಮಾಡಿ ಕಳ್ಳಿಕೊಂಬೆ ನೆಟ್ಟಿದ್ದ ಜಾಗದಲ್ಲಿ ಕಳ್ಳಿಯೂ ಇಲ್ಲ, ಗುಡ್ಡೆಯೂ ಇಲ್ಲ. ನೇಗಿಲ ಸಾಲು ಅದರ ಮೇಲೆಯೇ ಹಾದುಹೋಗಿತ್ತು. ಉತ್ತಿದ್ದಾರೆ ಎಂದು ಕೇಳಿದ್ದೆ, ಕಣ್ಣಿಂದ ನೋಡಿರಲಿಲ್ಲ. ಕಾಲು ಮುಂದಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ತಾತನೂ ನಿಂತಿದ್ದ.

ಅವನು ಬಲಗಾಲಿನ ಅಂಗಾಲಿನಿಂದ ನೆಲ ಸವರಿದ. ಇನ್ನೊಂದು ಸಲ ಸವರಿದ.

"ಇಲ್ಲಿ ಕೂಳೆ ಯಾಕೈತೆ?"

ತಾತ ಹಿಂದೆ ತಿರುಗಲಿಲ್ಲ, ತಲೆ ಅಲ್ಲಾಡಿಸಲಿಲ್ಲ; ಮಣ್ಣು ಬೀಳಬಾರದಲ್ಲ. ಆದರೆ ಎಲ್ಲೆಯ ಗುರುತು ಕೂಗುವ ಆ ಧ್ವನಿಯಲ್ಲೇ ಕೂಗಿ ಹೇಳಿದ.

"ಯಾರೋ ನಮ್ಮಪ್ಪನ ಎದೆ ಮ್ಯಾಲೆ ರಾಗಿ ಬೆಳೆದವ್ರೆ. ನನ್ನ ಹೆಂಡ್ತಿ ಹೊಟ್ಟೆ ಮ್ಯಾಲೆ ಕುಂಟೆ ಹೊಡೆದವ್ರೆ. ಆ ರಾಗಿ ಉಂಡೋರು ಇಲ್ಲೇ ನನ್ನ ಹಿಂದೆ ಬರಿಗಾಲಾಗೆ ನಿಂತವ್ರೆ. ಚೆನ್ನಾಗಿ ಮೆಟ್ಟಿ ನೋಡ್ಕೊಳ್ಳಿ ಬುದ್ಧಿ."

ನಾನು ತಿರುಗಿದೆ. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ತಾತನನ್ನು ಎಡಕ್ಕೆ ಹೊರಳಿಸಿ ಹಾಸುಗಲ್ಲಿನ ಹತ್ತಿರಕ್ಕೆ ಕರೆದುಕೊಂಡು ಹೋದೆ. ಉಳುವವರು ಕಲ್ಲನ್ನು ಎಬ್ಬಿಸಲಾಗದೆ ಸುತ್ತ ಬಿಟ್ಟಿದ್ದರು. ತಾತ ಅದರ ಮೇಲೆ ಎರಡೂ ಪಾದ ಜೋಡಿಸಿ ನಿಂತ.

"ಇದು ಹಾಸುಗಲ್ಲು. ಇದರಡಿ ಮಣ್ಣು ಹೊತ್ತೋರ ಮಣ್ಣು. ಹುಣಸೆಯಿಂದ ಹಳ್ಳದಗಂಟ ನೇಗ್ಲು ಇಡಂಗಿಲ್ಲ. ಎಲ್ಲೆ ಹಳ್ಳ. ಆ ಊರ್ದೂ ಅಲ್ಲ, ಗೌಡ್ರದೂ ಅಲ್ಲ. ಇದು ಹೊಲಗೇರಿದು."

ಅಮಲ್ದಾರರು ಶಾನುಭೋಗರ ಕಡೆ ನೋಡಿದರು. ಶಾನುಭೋಗರು ಕಾಗದ ಮಡಿಸಿಕೊಂಡು ಕೂಳೆಯ ಹೊರಗೇ ನಿಂತಿದ್ದರು.

"ಎಲ್ಲೆ ಹಳ್ಳ ಅಂತ ಬರ್ಕೊಂಡಿದೀನಿ ಸ್ವಾಮಿ. ಉಳಿದದ್ದು ಎಲ್ಲೆಗೆ ಸಂಬಂಧಪಟ್ಟಿದ್ದಲ್ಲ."

"ಅವನು ಹೇಳಿದ್ದೆಲ್ಲ ಬರೀಬೇಕು ಅಂತಲೇ ತೀರ್ಮಾನ ಆಗಿರೋದು."

"ಹೆಣ ಹೂಳೋ ಜಾಗ. ನಾನು ಒಳಗೆ ಬರೋ ಹಾಗಿಲ್ಲ. ಇಲ್ಲಿಗೆ ಸರಿಯಾಗಿ ಕೇಳಿಸೋದೂ ಇಲ್ಲ."

ಆಗ ತಾತ ನಕ್ಕ. ತಲೆ ಅಲುಗದ ಹಾಗೆ, ಗಂಟಲಲ್ಲೇ ನಕ್ಕ.

"ಹಿಂದೆ ನಾನು ಮಣ್ಣು ಹೊತ್ತಾಗ ಇವ್ರಪ್ಪನೂ ಅಲ್ಲೇ ನಿಂತಿದ್ರು ಸ್ವಾಮಿ, ಇದೇ ತಾವ್ನಾಗೆ. ಅವ್ರಿಗೂ ಕೇಳಿಸ್ಲಿಲ್ಲ. ಅದಕ್ಕೇ ಈ ಕಲ್ಲು ನೆಲದ ಮ್ಯಾಲೈತೆ, ಕಾಗದದ ಮ್ಯಾಲಿಲ್ಲ. ಮುಟ್ಟಿಸ್ಕಬಾರ್ದು ಅಂತ ದೂರ ನಿಂತು ನಿಂತು ಇವ್ರು ಊರಿನ ಲೆಕ್ಕವೇ ತಪ್ಪಿಸ್ಬಿಟ್ಟವ್ರೆ. ನನ್ನ ಮೊಮ್ಮಗಳಿಗೆ ಬರಿಯಾಕೆ ಬತ್ತದೆ. ಅವಳಿಗೆ ಕೇಳಿಸ್ತದೆ. ಅವಳ ಕೈಲಿ ಬರೆಸ್ಕಳ್ಳಿ."

ಗೌಡ ಏನೋ ಹೇಳಲು ಬಾಯಿ ತೆಗೆದ. ಪಕ್ಕದೂರಿನ ಗೌಡ ಅಡ್ಡ ಬಂದ. ಅವನಿಗೆ ನಮ್ಮ ಮೇಲೆ ಪ್ರೀತಿಯೇನಿರಲಿಲ್ಲ. ನೆಲ ತನಗೆ ದಕ್ಕದಿದ್ದ ಮೇಲೆ ನಮ್ಮೂರ ಗೌಡನಿಗೂ ದಕ್ಕಬಾರದು, ಅಷ್ಟೇ. "ಮಣ್ಣು ಹೊರ್ಸಿದ ಮ್ಯಾಲೆ ಮಾತು ಕೇಳಬೇಕಲ್ಲ ಗೌಡ್ರೆ? ನಮ್ಮೂರಾಗಂತೂ ಹಂಗೇಯಾ," ಎಂದ. ತನ್ನ ಊರವರ ಮುಂದೆ ನಮ್ಮ ಗೌಡನಿಗೆ ಬಾಯಿ ಮುಚ್ಚದೆ ಬೇರೆ ದಾರಿ ಉಳಿಯಲಿಲ್ಲ.

ಅಮಲ್ದಾರರು ಶಾನುಭೋಗರ ಕಾಗದ ಇಸಿದುಕೊಂಡು ತಾವೇ ಬಂದು ಅದನ್ನು ಹಾಸುಗಲ್ಲಿನ ಮೇಲೆ, ತಾತನ ಪಾದದ ಹತ್ತಿರ ಹರಡಿ, ಜೇಬಿನಿಂದ ತಮ್ಮ ಪೆನ್ನು ತೆಗೆದು ಅದರ ಮೇಲಿಟ್ಟರು. ಕೈಗೆ ಕೊಡಲಿಲ್ಲ; ಅಷ್ಟು ದೊಡ್ಡವರೇನೂ ಆಗಿರಲಿಲ್ಲ ಅವರು. ಆದರೂ ಪೆನ್ನು ಅವರದು. ನಾನು ಬಳಪ ಹಿಡಿದವಳು, ಮರಳಿನ ಮೇಲೆ ಬೆರಳಲ್ಲಿ ತಿದ್ದಿದವಳು, ಶಾಯಿಯ ಪೆನ್ನು ಮುಟ್ಟಿದವಳಲ್ಲ. ಮೊದಲ ಅಕ್ಷರಕ್ಕೆ ಮೊದಲೇ ಒಂದು ದೊಡ್ಡ ಶಾಯಿಯ ಹನಿ ಬಿತ್ತು. ಯಾರೋ ನಕ್ಕರು. ತಾತ ಒಂದೊಂದು ಮಾತನ್ನೂ ನಿಧಾನವಾಗಿ ಮತ್ತೆ ಹೇಳಿದ. ನಾನು ಮೊಣಕಾಲೂರಿ ಕೂತು ಬರೆದೆ. ಕಲ್ಲು ಒರಟಾಗಿತ್ತು, ಪೆನ್ನಿನ ಮುಳ್ಳು ಅಲ್ಲಲ್ಲಿ ಕಾಗದವನ್ನು ತೂರಿತು. ಬಿಸಿಲೇರಿ ತಾತನ ತಲೆಯ ಮಣ್ಣು ಒಣಗುತ್ತಿತ್ತು, ಸಣ್ಣ ಸಣ್ಣ ಚೂರು ನನ್ನ 'ಹೊಲಗೇರಿ'ಯ ಮೇಲೆ ಉದುರಿತು. ಮಣ್ಣು ಪುಡಿಯಾಗಲಿಲ್ಲ.

ಬರೆದು ಮುಗಿದ ಮೇಲೆ ಅಮಲ್ದಾರರು, "ಕೆಳಗೆ ಬರೆದವರು ಯಾರು ಅಂತ ಹಾಕಮ್ಮ," ಎಂದರು. ಅಮ್ಮ ಎಂದರು. ನಾನು ಹೆಸರು ಬರೆದೆ.

ದೂರದಿಂದ ಶಾನುಭೋಗರು ಕೂಗಿದರು, ಈಗ ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು: "ಜಾತಿನೂ ಹಾಕ್ಸಿ ಸ್ವಾಮಿ. ನಾಳೆ ಯಾರಾದ್ರೂ ನೋಡಿದ್ರೆ ಈ ಕಾಗೆ ಕಾಲು ನಂದು ಅಂದ್ಕೊಂಡಾರು."

ನಾನು ತಾತನ ಮುಖ ನೋಡಿದೆ. ಅವನ ಪೊರೆಗಣ್ಣು ಬಿಸಿಲಿಗೆ ತೆರೆದಿತ್ತು.

"ಹಾಕವ್ವ. ಕೆಳಗೆ ಜಾಗ ಐತಾ? ದೊಡ್ಡದಾಗಿ ಹಾಕು."

ಜಾಗ ಇತ್ತು. ಒಂದು ಸಾಲು ಪೂರ್ತಿ ತುಂಬುವ ಹಾಗೆ ಬರೆದೆ: ಮಣ್ಣು ಹೊತ್ತವನ ಮೊಮ್ಮಗಳು, ಹೊಲೆಯರವಳು, ಆದಿ ಕರ್ನಾಟಕ. ಓದು ಎಂದ ತಾತ. ಎದ್ದು ನಿಂತು, ಎರಡೂ ಊರಿಗೆ ಕೇಳಿಸುವ ಹಾಗೆ ಓದಿದೆ. ಜಗಲಿಯ ಮೇಲೆ ಕೂತು ಕಲಿತದ್ದಕ್ಕೆ ಒಂದು ಲಾಭ ಇತ್ತು. ಒಳಗಿನವರಿಗೆ ಕೇಳಿಸಬೇಕೆಂದು ನನ್ನ ಪಾಠವನ್ನು ಯಾವಾಗಲೂ ಕೂಗಿಯೇ ಒಪ್ಪಿಸಿದವಳು ನಾನು.

ಆಮೇಲಿನದು ಬೇಗ ಹೇಳುತ್ತೇನೆ. ಅವ್ವನಿಗೆ ಗೌಡರ ಹೊಲದಲ್ಲಿ ಕೆಲಸ ತಪ್ಪಿತು. ಅವಳು ಹಳ್ಳ ದಾಟಿ ಪಕ್ಕದೂರಿಗೆ ಕೂಲಿಗೆ ಹೋದಳು, ಹೋಗುವಾಗ ದಿನವೂ ಹಾಸುಗಲ್ಲಿನ ಪಕ್ಕದಲ್ಲೇ ಹಾದು ಹೋದಳು. ಸೋಮವಾರ ನಾನು ಜಗಲಿಯ ಮೇಲೇ ಕೂತೆ, ಆ ವರ್ಷವಿಡೀ ಕೂತೆ. ನಂತರ ಅಪ್ಪ ನಮ್ಮನ್ನು ಗಣಿಯ ಊರಿಗೆ ಕರೆದುಕೊಂಡು ಹೋದ. ಅಲ್ಲಿ ಪೂರ್ತಿ ಹಲಗೆ ಕಂಡೆ. ಮುಂದೆ ನಾನೇ ಹಲಗೆಯ ಮುಂದೆ ನಿಂತು ಮೂವತ್ತು ವರ್ಷ ಪಾಠ ಹೇಳಿದೆ. ಕಿಟಕಿಯ ಹತ್ತಿರ ಯಾರನ್ನೂ ಕೂರಿಸಲಿಲ್ಲ. ನೇಗಿಲು ಮತ್ತೆ ಆ ಪಟ್ಟಿಗೆ ಬರಲಿಲ್ಲ. ಎರಡು ವರ್ಷಕ್ಕೆ ತಾತ ತೀರಿಕೊಂಡ; ಊರಿಗೆ ಬಂದು ಅವನನ್ನೂ ಅಲ್ಲೇ, ಹಾಸುಗಲ್ಲಿನ ಮಗ್ಗುಲಲ್ಲಿ ಮಣ್ಣು ಮಾಡಿದೆವು. ಬಹಳ ಕಾಲದ ಮೇಲೆ ಒಂದು ಕೆಲಸಕ್ಕೆಂದು ಹೊಸಕೋಟೆಯ ಕಚೇರಿಗೆ ಹೋದವಳು ಆ ಕಾಗದವನ್ನು ತೆಗೆಸಿ ನೋಡಿದೆ. ಶಾಯಿಯ ಹನಿ ಹಾಗೇ ಇತ್ತು. ಶಾನುಭೋಗರ ಮುತ್ತಿನಂಥ ಅಕ್ಷರಗಳ ಕೆಳಗೆ ನನ್ನ ಕಾಗೆ ಕಾಲು, ಅವುಗಳ ಎರಡರಷ್ಟು ದೊಡ್ಡದಾಗಿ. ಅದನ್ನು ತೋರಿಸಿದ ಗುಮಾಸ್ತನಿಗೆ ಇದು ನನ್ನದು ಎಂದೆ. ಅವನು ನಂಬಿದನೋ ಇಲ್ಲವೋ.

ಒಂದು ಮಾತು ಉಳಿದಿದೆ. ಅವತ್ತು ಎಲ್ಲೆ ಮುಗಿದ ಮೇಲೆ ತಾತ ಹಳ್ಳಕ್ಕಿಳಿದು ತಲೆಯ ಮಣ್ಣನ್ನು ನೀರಿಗೆ ಬಿಟ್ಟ. ಜನ ತಮ್ಮ ಕೆರಗಳ ಕಡೆಗೆ ಕುಂಟುತ್ತಾ ಹೋದರು. ನಾವಿಬ್ಬರೇ ಉಳಿದೆವು. ಅವನ ತಲೆಗೆ ಬೊಗಸೆಯಲ್ಲಿ ನೀರು ಹೊಯ್ಯುತ್ತಾ ನನಗೆ ತಡೆಯಲಾಗಲಿಲ್ಲ.

"ತಾತ, ನಾನು ಹುಣಸೆಮರದ ತಾವ..."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ಹೆಜ್ಜೆಗೇ. ನಿನ್ನ ಹೆಗ್ಲು ನಡುಗ್ತು."

"ಮತ್ತೆ ನನ್ನ ಜೊತೆ ಯಾಕೆ ಬಂದೆ?"

ತಾತ ಮುಖದ ನೀರು ಒರೆಸಿಕೊಂಡ. "ನೋಡಾಣ, ನೀನೇ ನಿಲ್ತೀಯೇನೋ ಅಂತ."

ನಾನು ಇನ್ನೊಂದು ಬೊಗಸೆ ನೀರು ತುಂಬಿಕೊಂಡೆ. ಹೊಯ್ಯದೆ ಕೇಳಿದೆ. "ನಾನು ನಿಂತೆನಾ ತಾತ? ನೀನು ನಿಂತಿದ್ದಕ್ಕೆ ನಿಂತೆನಾ?"

"ನೀನೇ ಮೊದ್ಲು ನಿಂತೆ ಕಣವ್ವ," ಎಂದ.

ಆ ಮಾತನ್ನು ಹಿಡಿದುಕೊಂಡೇ ನಾನು ಇಷ್ಟು ದೂರ ಬಂದಿದ್ದೇನೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಮಣ್ಣು ಹೊತ್ತು ನಮ್ಮ ತಾತ ಒಂದು ಸುಳ್ಳನ್ನೂ ಹೇಳಿದವನಲ್ಲ. ಆದರೆ ಆ ಮಾತು ಹೇಳುವಾಗ ಮಣ್ಣು ಹಳ್ಳದಲ್ಲಿ ಕರಗಿಹೋಗಿತ್ತು, ಅವನ ತಲೆ ಬರಿದಾಗಿತ್ತು.